ಎಂಜಿನ್ ಕೆಟ್ಟಾಗ: ಲಕ್ಷಣ ನೋಡಿ ಕಾರಣ ಹುಡುಕುವುದು ಹೇಗೆ?

ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿ ನಿಂತ ಕಾರಿನ ಸುತ್ತ ನಾಲ್ಕು ಜನ ಸೇರಿದರೆ ನಾಲ್ಕು ಅಭಿಪ್ರಾಯ ಹುಟ್ಟುತ್ತದೆ. ಒಬ್ಬರು ಬ್ಯಾಟರಿ ಹೋಗಿದೆ ಎನ್ನುತ್ತಾರೆ. ಇನ್ನೊಬ್ಬರು ಪೆಟ್ರೋಲಿನಲ್ಲಿ ಕಸ ಎನ್ನುತ್ತಾರೆ. ಮೂರನೆಯವರು ‘ಎಂಜಿನ್ ಬೋರಿಗೆ ಬಂದಿದೆ’ ಎಂದು ತೀರ್ಪನ್ನೇ ಕೊಟ್ಟುಬಿಡುತ್ತಾರೆ. ಊಹೆ ಮಾಡುವುದು ಸುಲಭ. ಆದರೆ ಆ ಊಹೆಯ ಖರ್ಚನ್ನು ಭರಿಸುವವರು ಕಾರಿನ ಮಾಲೀಕರು. ಕೆಲವು ನೂರು ರೂಪಾಯಿಯ ಬಿಡಿಭಾಗ ಬದಲಿಸಿದರೆ ಸಾಕಿದ್ದ ಕಡೆ ಎಂಜಿನ್ ಬಿಚ್ಚಿ ಹತ್ತಾರು ಸಾವಿರ ಕಳೆದುಕೊಂಡವರಿದ್ದಾರೆ. ನಿಲ್ಲಿಸಬೇಕಾದ ಗಾಡಿಯನ್ನು ‘ಇನ್ನೇನು, ಮನೆ ಹತ್ತಿರ ಬಂತು’ ಎಂದು ಓಡಿಸಿ ಇಡೀ ಎಂಜಿನ್ ಕಳೆದುಕೊಂಡವರೂ ಇದ್ದಾರೆ. ಟ್ಯಾಕ್ಸಿಯನ್ನೇ ನಂಬಿ ಬದುಕುವ ಮನೆಗೆ ಇದು ತಿಂಗಳುಗಳ ದುಡಿಮೆಯ ಪ್ರಶ್ನೆ.

ವೈದ್ಯರು ರೋಗಿಯ ಜ್ವರ, ನಾಡಿ, ನೋವಿನ ಜಾಗ ನೋಡಿ ರೋಗವನ್ನು ಗುರುತಿಸುವಂತೆ ಎಂಜಿನಿನ ರೋಗವನ್ನೂ ಲಕ್ಷಣಗಳಿಂದ ಗುರುತಿಸಬಹುದು. ಇದಕ್ಕೆ ಬೇಕಾದ ಬಹುಪಾಲು ವಿಜ್ಞಾನ ನಮ್ಮ ಪಿಯುಸಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಪುಸ್ತಕಗಳಲ್ಲೇ ಇದೆ.

ಎಂಜಿನ್‌ಗೆ ಬೇಕಾದುದು ಏನು?

ನಮ್ಮ ಹೆಚ್ಚಿನ ಕಾರುಗಳಲ್ಲಿರುವುದು ನಾಲ್ಕು ಹೊಡೆತದ ಎಂಜಿನ್. ಜರ್ಮನಿಯ ನಿಕೋಲಸ್ ಒಟ್ಟೊ 1876ರಲ್ಲಿ ರೂಪಿಸಿದ ತತ್ವವೇ ಇಂದಿಗೂ ನಡೆಯುತ್ತಿದೆ. ಪಿಸ್ಟನ್ ಮೊದಲ ಹೊಡೆತದಲ್ಲಿ ಗಾಳಿ ಮತ್ತು ಇಂಧನವನ್ನು ಒಳಗೆಳೆದುಕೊಳ್ಳುತ್ತದೆ, ಎರಡನೆಯದರಲ್ಲಿ ಅದನ್ನು ಒತ್ತಿ ಹಿಡಿಯುತ್ತದೆ, ಮೂರನೆಯದರಲ್ಲಿ ಉರಿಯುವ ಅನಿಲ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ, ನಾಲ್ಕನೆಯದರಲ್ಲಿ ಸುಟ್ಟ ಹೊಗೆ ಹೊರಹೋಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದು ಸೆಕೆಂಡಿಗೆ 100 ಸಲ ಒಳಗೆ ಇಂಧನ ಹೊತ್ತಿ ಉರಿಯುತ್ತಿರುತ್ತದೆ.

ಇದೆಲ್ಲ ನಡೆಯಲು ಪೆಟ್ರೋಲ್ ಎಂಜಿನ್‌ಗೆ ಮೂರು ಸಂಗತಿ ಬೇಕು: ಸರಿಯಾದ ಪ್ರಮಾಣದ ಗಾಳಿ ಮತ್ತು ಇಂಧನ, ಸರಿಯಾದ ಹೊತ್ತಿಗೆ ಕಿಡಿ, ಮತ್ತು ಸಾಕಷ್ಟು ಒತ್ತಡ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ; ಒತ್ತಡದಿಂದ ಕಾದ ಗಾಳಿಯೇ ಇಂಧನವನ್ನು ಹೊತ್ತಿಸುತ್ತದೆ. ಈ ಮೂರರ ಜೊತೆಗೆ ಎಂಜಿನ್ ಬಾಳಿಕೆ ಬರಲು ಇನ್ನೆರಡು ಬೇಕು: ಸವೆತ ತಡೆಯುವ ಆಯಿಲ್ ಮತ್ತು ಬಿಸಿ ಹೊರಹಾಕುವ ಕೂಲಂಟ್. ಎಂಜಿನ್‌ನ ಹೆಚ್ಚಿನ ತೊಂದರೆಗಳು ಈ ಐದರಲ್ಲಿ ಒಂದು ತಪ್ಪಿದ್ದರಿಂದಲೇ ಬರುತ್ತವೆ. ಯಾವುದು ತಪ್ಪಿದೆ ಎಂದು ಹುಡುಕುವುದೇ ನಮ್ಮ ಕೆಲಸ.

ಸ್ಟಾರ್ಟ್ ಆಗದ ಕಾರು

‘ಸ್ಟಾರ್ಟ್ ಆಗುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ರೋಗಗಳಿವೆ. ಕೀ ತಿರುಗಿಸಿದಾಗ ಸೆಲ್ಫ್ ಮೋಟಾರು ಎಂಜಿನನ್ನು ತಿರುಗಿಸುವುದೇ ಇಲ್ಲವೋ, ಅಥವಾ ಎಂಜಿನ್ ತಿರುಗುತ್ತದೆ ಆದರೆ ಹೊತ್ತಿಕೊಳ್ಳುವುದಿಲ್ಲವೋ? ಇದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು.

ಬರೀ ‘ಟಿಕ್ ಟಿಕ್’ ಎಂದರೆ, ಡ್ಯಾಶ್‌ಬೋರ್ಡಿನ ದೀಪಗಳು ಮಂಕಾದರೆ, ವಿದ್ಯುತ್ತಿನ ಕಡೆ ನೋಡಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಇಳಿದಿದ್ದರೆ ಅದು ಹೆಚ್ಚುಕಡಿಮೆ ಅರ್ಧ ಖಾಲಿ. ಎಂಜಿನ್ ಓಡುತ್ತಿರುವಾಗ ಸುಮಾರು 13.8ರಿಂದ 14.4 ವೋಲ್ಟ್ ಇರಬೇಕು. ಇಲ್ಲದಿದ್ದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಪರೀಕ್ಷಿಸಬೇಕು. ಹೊಸ ಬ್ಯಾಟರಿ ಹಾಕಿದ ವಾರದಲ್ಲೇ ಅದೂ ಸತ್ತರೆ ಅನೇಕ ಸಲ ಕಾರಣ ಇದೇ.

ಇಲ್ಲಿ ಓಮ್‌ನ ನಿಯಮ ನೆನಪಿಸಿಕೊಳ್ಳಿ. ಸೆಲ್ಫ್ ಮೋಟಾರು 150 ಆಂಪಿಯರಿನಷ್ಟು ವಿದ್ಯುತ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ಬ್ಯಾಟರಿ ಟರ್ಮಿನಲ್‌ನಲ್ಲಿ ಬಿಳಿ, ಹಸಿರು ಕಿಲುಬು ಕಟ್ಟಿ ಅಲ್ಲಿ 0.02 ಓಮ್ ಪ್ರತಿರೋಧ ಹುಟ್ಟಿದರೆ 150 × 0.02, ಅಂದರೆ 3 ವೋಲ್ಟ್ ಅಲ್ಲೇ ನಷ್ಟ. ದೀಪ ಉರಿಯಲು ಬೇಕಾದುದು ಕೆಲವೇ ಆಂಪಿಯರ್ ಆದ್ದರಿಂದ ದೀಪ ಚೆನ್ನಾಗಿಯೇ ಉರಿಯುತ್ತದೆ, ಸೆಲ್ಫ್ ಮಾತ್ರ ಎಳೆಯುವುದಿಲ್ಲ. ಟರ್ಮಿನಲ್ ಬಿಚ್ಚಿ, ಉಜ್ಜಿ, ಬಿಗಿ ಮಾಡಿದರೆ ಸಾಕಾಗುವ ಕಡೆ ಹೊಸ ಬ್ಯಾಟರಿ ಕೊಳ್ಳುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ.

ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ ಎಂದಾದರೆ ಇಂಧನ, ಕಿಡಿ, ಒತ್ತಡ ಈ ಮೂರನ್ನು ಒಂದೊಂದಾಗಿ ನೋಡಬೇಕು. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ ಸಣ್ಣದಾಗಿ ಗುಯ್‌ಗುಡುವ ಸದ್ದು ಬಂದರೆ ಇಂಧನ ಪಂಪ್ ಓಡುತ್ತಿದೆ ಎಂದು ತಿಳಿಯಬಹುದು. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಕೊನೆಗೆ ಪಂಪ್. ಸೆಲ್ಫ್ ಹೊಡೆದಾಗ ಎಂಜಿನ್ ಎಂದಿಗಿಂತ ಹಗುರವಾಗಿ, ವೇಗವಾಗಿ ಗಿರ್ರನೆ ತಿರುಗಿದರೆ ಎಚ್ಚರ: ಟೈಮಿಂಗ್ ಬೆಲ್ಟ್ ಹರಿದಿರಬಹುದು. ಆಗ ವಾಲ್ವ್‌ಗಳು ಸಮಯಕ್ಕೆ ಮುಚ್ಚುವುದಿಲ್ಲ, ಒತ್ತಡವೇ ಹುಟ್ಟುವುದಿಲ್ಲ. ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ತೆರೆದ ವಾಲ್ವ್‌ಗೆ ಬಡಿದು ಅದನ್ನು ಬಗ್ಗಿಸುತ್ತದೆ. ಮತ್ತೆ ಮತ್ತೆ ಸೆಲ್ಫ್ ಹೊಡೆದಷ್ಟೂ ಹಾನಿ ಹೆಚ್ಚು.

ಹೊಗೆಯ ಬಣ್ಣ

ಸೈಲೆನ್ಸರಿನ ಹೊಗೆ ಎಂಜಿನಿನ ಒಳಗಿನ ಸುದ್ದಿಯನ್ನು ಹೊರಗೆ ತರುತ್ತದೆ.

ಕಪ್ಪು ಹೊಗೆ ಎಂದರೆ ಗಾಳಿಗಿಂತ ಇಂಧನ ಹೆಚ್ಚಾಗಿದೆ. ಆಮ್ಲಜನಕ ಸಾಲದೆ ಇಂಗಾಲ ಪೂರ್ತಿ ಉರಿಯದೆ ಮಸಿಯಾಗಿ ಬರುತ್ತದೆ. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದೆಯೇ, ಇಂಜೆಕ್ಟರ್ ಸೋರುತ್ತಿದೆಯೇ, ಗಾಳಿ ಅಳೆಯುವ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತಿದೆಯೇ ಎಂದು ನೋಡಬೇಕು. ಜೊತೆಗೆ ಮೈಲೇಜ್ ಕೂಡ ಇಳಿದಿರುತ್ತದೆ.

ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಯಾವಾಗ ಬರುತ್ತದೆ ಎನ್ನುವುದು ಮುಖ್ಯ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಬುಸ್ಸೆಂದು ಬಂದು ನಿಂತರೆ ವಾಲ್ವ್ ಸೀಲ್ ಸವೆದಿರುವ ಸಾಧ್ಯತೆ ಹೆಚ್ಚು. ಮೇಲಿನಿಂದ ಆಯಿಲ್ ರಾತ್ರಿಯಿಡೀ ತೊಟ್ಟಿಕ್ಕಿರುತ್ತದೆ. ಏರು ಹತ್ತುವಾಗ, ಆಕ್ಸಿಲರೇಟರ್ ಒತ್ತಿದಾಗ ಸತತವಾಗಿ ಬಂದರೆ ಪಿಸ್ಟನ್ ರಿಂಗ್‌ನ ಮೇಲೆ ಅನುಮಾನ. ‘ಬೋರಿಗೆ ಬಂದಿದೆ’ ಎನ್ನುವುದು ಈ ಎರಡನೆಯ ಸ್ಥಿತಿಗೆ. ಎರಡಕ್ಕೂ ಹೊಗೆಯ ಬಣ್ಣ ಒಂದೇ, ಖರ್ಚಿನಲ್ಲಿ ಮಾತ್ರ ದೊಡ್ಡ ಅಂತರ.

ಬಿಳಿ ಹೊಗೆ ಕಂಡೊಡನೆ ಹೆದರಬೇಕಾಗಿಲ್ಲ. ಪೆಟ್ರೋಲ್ ಉರಿದಾಗ ಇಂಗಾಲದ ಡೈಆಕ್ಸೈಡ್ ಜೊತೆ ನೀರೂ ಹುಟ್ಟುತ್ತದೆ. ಆಕ್ಟೇನ್‌ನ ಸಮೀಕರಣ ಹಿಡಿದು ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲಿನಿಂದ ಸುಮಾರು ಒಂದು ಲೀಟರ್ ನೀರು ಬರುತ್ತದೆ! ಚಳಿಯ ಬೆಳಿಗ್ಗೆ ತಣ್ಣನೆಯ ಸೈಲೆನ್ಸರಿನಿಂದ ಹಬೆ ಮತ್ತು ನೀರಿನ ಹನಿ ಬರುವುದು ಸಹಜ. ಆದರೆ ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಅದಕ್ಕೆ ಸಿಹಿಯಾದ ವಾಸನೆ ಇದ್ದರೆ, ಕೂಲಂಟ್ ಸಿಲಿಂಡರಿನೊಳಗೆ ಹೋಗುತ್ತಿದೆ ಎಂದು ಸಂಶಯಪಡಬೇಕು. ಡೀಸೆಲ್ ಗಾಡಿಯಲ್ಲಿ ಉರಿಯದ ಇಂಧನವೂ ಬಿಳಿ ಹೊಗೆಯಾಗಿ ಬರುವುದುಂಟು.

ಸದ್ದು ಮತ್ತು ಕೆಂಪು ದೀಪ

ಎಂಜಿನಿನ ಮೇಲ್ಭಾಗದಿಂದ ಹೊಲಿಗೆ ಯಂತ್ರದಂತೆ ಸಣ್ಣ ಟಕಟಕ ಕೇಳಿದರೆ ಅದು ಹೆಚ್ಚಾಗಿ ಟ್ಯಾಪೆಟ್. ಆಯಿಲ್ ಮಟ್ಟ ನೋಡಿ, ಬಿಡುವು ಸರಿಪಡಿಸಿದರೆ ಮುಗಿಯಬಹುದು. ಏರಿನಲ್ಲಿ ಮಾತ್ರ ಕಲ್ಲುಹರಳು ಅಲುಗಿಸಿದಂತೆ ಕಿಣಿಕಿಣಿ ಬಂದರೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಉರಿಯುತ್ತಿದೆ. ಆದರೆ ಕೆಳಭಾಗದಿಂದ ಸುತ್ತಿಗೆಯಲ್ಲಿ ಬಡಿದಂತೆ ಗಟ್ಟಿಯಾದ ಸದ್ದು ಬಂದು ವೇಗ ಹೆಚ್ಚಿದಂತೆ ಅದೂ ಹೆಚ್ಚಿದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿರಬಹುದು. ಆ ಗಾಡಿಯನ್ನು ಮುಂದೆ ಓಡಿಸುವಂತಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಅಲ್ಲಾವುದ್ದೀನನ ದೀಪದಂತಹ ಕೆಂಪು ಚಿಹ್ನೆ ಕಂಡಿದ್ದೀರಲ್ಲವೇ? ಅದು ಆಯಿಲ್ ಒತ್ತಡದ ದೀಪ. ಬೇರಿಂಗ್ ಮತ್ತು ಕ್ರ್ಯಾಂಕ್‌ಶಾಫ್ಟ್ ಒಂದನ್ನೊಂದು ಮುಟ್ಟದಂತೆ ನಡುವೆ ಆಯಿಲ್ಲಿನ ತೆಳು ಪದರ ಇರುತ್ತದೆ. ಒತ್ತಡ ಇಲ್ಲವಾದರೆ ಪದರ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ, ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ಸೀಜ್ ಆಗಬಹುದು. ಓಡುವಾಗ ಈ ದೀಪ ಹೊತ್ತಿದರೆ ಸುರಕ್ಷಿತ ಜಾಗ ನೋಡಿ ಕೂಡಲೇ ಗಾಡಿ ಬದಿಗೆ ಹಾಕಿ ಎಂಜಿನ್ ಆಫ್ ಮಾಡಬೇಕು. ಮುಂದಿನ ಪೆಟ್ರೋಲ್ ಬಂಕ್‌ವರೆಗೆ ಎಂಬ ಲೆಕ್ಕ ಬೇಡ. ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟ ನೋಡಿ. ಮಟ್ಟ ಸರಿಯಿದ್ದೂ ದೀಪ ಹೊತ್ತಿದ್ದರೆ ಸ್ವಿಚ್ ಕೆಟ್ಟಿರಬಹುದು, ಪಂಪ್ ಕೂಡ ಕೆಟ್ಟಿರಬಹುದು. ಗೇಜ್ ಹಾಕಿ ಒತ್ತಡ ಅಳೆಯುವವರೆಗೆ ಎಳೆಸಿಕೊಂಡು ಹೋಗುವುದೇ ಕ್ಷೇಮ.

ಒಂದು ರೋಗ, ಹಂತ ಹಂತವಾಗಿ

ಈಗ ಒಂದು ಉದಾಹರಣೆ ತೆಗೆದುಕೊಂಡು ಪೂರ್ತಿ ದಾರಿ ನಡೆದು ನೋಡೋಣ. ಒಂದು ಕಾರು ಹೀಟ್ ಆಗುತ್ತಿದೆ. ಮೀಟರಿನ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗುತ್ತದೆ. ಕಾರಣಗಳು ಹಲವು: ಕೂಲಂಟ್ ಕಡಿಮೆ, ಫ್ಯಾನ್ ಓಡುತ್ತಿಲ್ಲ, ಥರ್ಮೋಸ್ಟಾಟ್ ತೆರೆಯುತ್ತಿಲ್ಲ, ರೇಡಿಯೇಟರಿನಲ್ಲಿ ಕಸ, ವಾಟರ್ ಪಂಪ್ ಸವೆದಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ.

ಮೊದಲ ಪ್ರಶ್ನೆ: ಯಾವಾಗ ಹೀಟ್ ಆಗುತ್ತದೆ? ಟ್ರಾಫಿಕ್‌ನಲ್ಲಿ ನಿಂತಾಗ ಏರಿ, ಹೈವೇಯಲ್ಲಿ ಇಳಿದರೆ ಫ್ಯಾನ್ ನೋಡಬೇಕು. ಓಡುವಾಗ ಗಾಳಿ ತಾನಾಗಿ ಬಂದು ರೇಡಿಯೇಟರನ್ನು ತಣಿಸುತ್ತದೆ, ನಿಂತಾಗ ಫ್ಯಾನೇ ಗತಿ. ಹೈವೇಯಲ್ಲಿ, ಘಾಟಿ ಹತ್ತುವಾಗ ಏರಿದರೆ ರೇಡಿಯೇಟರ್, ಥರ್ಮೋಸ್ಟಾಟ್, ಪಂಪ್ ಕಡೆ ಗಮನ. ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 90 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ತೆರೆಯಬೇಕು. ಬಿಚ್ಚಿ ಬಿಸಿ ನೀರಿನ ಪಾತ್ರೆಯಲ್ಲಿ ಮುಳುಗಿಸಿ ಥರ್ಮಾಮೀಟರ್ ಹಿಡಿದರೆ ತೆರೆಯುತ್ತದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಎರಡನೆಯ ಪ್ರಶ್ನೆ: ಕೂಲಂಟ್ ಎಲ್ಲಿಗೆ ಹೋಗುತ್ತಿದೆ? ನಮ್ಮ ಕಾರಿನಲ್ಲಿ ಮತ್ತೆ ಮತ್ತೆ ತುಂಬಿಸಿದರೂ ಮಟ್ಟ ಇಳಿಯುತ್ತಿದೆ, ಆದರೆ ಕೆಳಗೆ ಒಂದು ಹನಿಯೂ ಬಿದ್ದಿಲ್ಲ ಎಂದುಕೊಳ್ಳೋಣ. ಹೊರಗೆ ಸೋರದಿದ್ದರೆ ಒಳಗೆ ಸೋರುತ್ತಿರಬೇಕು. ಈಗ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಬಲವಾಗುತ್ತದೆ. ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಈ ತೆಳು ಹಾಳೆ ಉರಿಯುವ ಅನಿಲ, ಆಯಿಲ್, ಕೂಲಂಟ್ ಮೂರನ್ನೂ ಬೇರೆ ಬೇರೆಯಾಗಿ ಇಡುತ್ತದೆ. ಅದು ಹರಿದ ಜಾಗಕ್ಕೆ ತಕ್ಕಂತೆ ಲಕ್ಷಣ ಬದಲಾಗುತ್ತದೆ. ಕೂಲಂಟ್ ಸಿಲಿಂಡರಿಗೆ ಹೋದರೆ ಬಿಳಿ ಹೊಗೆ. ಆಯಿಲ್‌ಗೆ ಬೆರೆತರೆ ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆಸಿದ ಚಹಾದ ಬಣ್ಣ. ಸಿಲಿಂಡರಿನ ಅನಿಲ ಕೂಲಂಟಿಗೆ ನುಗ್ಗಿದರೆ ರೇಡಿಯೇಟರಿನಲ್ಲಿ ಗುಳ್ಳೆ, ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಕಲ್ಲಿನಂತೆ ಗಟ್ಟಿಯಾಗುವ ರಬ್ಬರ್ ಪೈಪ್. ಈ ಲಕ್ಷಣಗಳೆಲ್ಲ ಒಟ್ಟಿಗೆ ಕಾಣಲೇಬೇಕೆಂದಿಲ್ಲ. ಹಾಗೆಯೇ, ದಿನವೂ ಬಹಳ ಸಣ್ಣ ದೂರ ಓಡುವ ಗಾಡಿಯಲ್ಲಿ ಆಯಿಲ್ ಮುಚ್ಚಳದ ಕೆಳಗೆ ಸ್ವಲ್ಪ ಬಿಳಿ ನೊರೆ ಕಂಡರೆ ಅದು ಬರೀ ಹಬೆ ತಣಿದು ಕಟ್ಟಿದ್ದಾಗಿರಬಹುದು.

ಆದ್ದರಿಂದ ಮೂರನೆಯ ಹೆಜ್ಜೆ, ಖಚಿತಪಡಿಸುವ ಪರೀಕ್ಷೆ. ಇದಕ್ಕೆ ನಮ್ಮ ಕೆಮಿಸ್ಟ್ರಿ ಲ್ಯಾಬಿನ ಪರಿಚಿತ ವಸ್ತುವೊಂದು ಬೇಕು: ಬ್ರೋಮೋಥೈಮಾಲ್ ಬ್ಲೂ. ಈ ಸೂಚಕದ ನೀಲಿ ದ್ರವವಿರುವ ಕೊಳವೆಯನ್ನು ರೇಡಿಯೇಟರಿನ ಬಾಯಿಗೆ ಇಟ್ಟು, ಒಳಗಿನ ಗಾಳಿಯನ್ನು ಅದರ ಮೂಲಕ ಎಳೆಯುತ್ತಾರೆ. ಆ ಗಾಳಿಯಲ್ಲಿ ಸಿಲಿಂಡರಿನಿಂದ ಬಂದ ಇಂಗಾಲದ ಡೈಆಕ್ಸೈಡ್ ಇದ್ದರೆ ಅದು ನೀರಿನಲ್ಲಿ ಕರಗಿ ಆಮ್ಲವಾಗಿ ನೀಲಿಯನ್ನು ಹಳದಿ ಮಾಡುತ್ತದೆ. ಎಂಜಿನ್ ಬಿಚ್ಚದೆಯೇ ಉತ್ತರ ಸಿಕ್ಕಿತು!

ಇನ್ನೊಂದು ಪರೀಕ್ಷೆ, ಸ್ಪಾರ್ಕ್ ಪ್ಲಗ್ ತೆಗೆದು ಆ ಜಾಗದಲ್ಲಿ ಗೇಜ್ ಹಾಕಿ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವುದು. ಉದಾಹರಣೆಗೆ ನಾಲ್ಕು ಸಿಲಿಂಡರುಗಳಲ್ಲಿ ಕ್ರಮವಾಗಿ 12, 5, 5, 12 ಬಾರ್ ಬಂದರೆ? ಅಕ್ಕಪಕ್ಕದ ಎರಡೂ ಒಂದೇ ಸಮನೆ ಕುಸಿದಿವೆ; ಅವುಗಳ ನಡುವೆ ಗ್ಯಾಸ್ಕೆಟ್ ಹರಿದಿರುವ ಸಾಧ್ಯತೆ ಬಹಳ. ಒಂದೇ ಸಿಲಿಂಡರ್ ಕುಸಿದಿದ್ದರೆ ಅದರೊಳಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ಆಯಿಲ್ ರಿಂಗ್‌ನ ಸಂದು ಮುಚ್ಚಿತು, ಅಂದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ ನೋಡಬೇಕು. ಅನುಭವಿ ಉಸ್ತಾದರು ಇದನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಾರೆ.

ಪ್ರಾಣಕ್ಕೆ ಸಂಬಂಧಿಸಿದ ಒಂದು ಮಾತು ಇಲ್ಲಿ ಹೇಳಲೇಬೇಕು. ಬಿಸಿ ಎಂಜಿನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬೇಡಿ. ಆ ಮುಚ್ಚಳ ಒಳಗೆ ಹೆಚ್ಚಿನ ಒತ್ತಡ ಹಿಡಿದಿಡುತ್ತದೆ. ಒತ್ತಡ ಹೆಚ್ಚಿದರೆ ಕುದಿಯುವ ಬಿಂದುವೂ ಏರುತ್ತದೆ. ಮನೆಯ ಕುಕ್ಕರಿನ ತತ್ವವೇ ಇದು. ವಾಯುಮಂಡಲದ ಎರಡು ಪಟ್ಟು ಒತ್ತಡದಲ್ಲಿ ಬರೀ ನೀರೂ ಸುಮಾರು 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಮುಚ್ಚಳ ತೆರೆದ ಕ್ಷಣ ಒತ್ತಡ ಕುಸಿದು ಆ ದ್ರವ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಹೀಟ್ ಆದ ಗಾಡಿಯನ್ನು ಬದಿಗೆ ನಿಲ್ಲಿಸಿ, ಆಫ್ ಮಾಡಿ, ಎಂಜಿನ್ ಪೂರ್ತಿ ತಣಿಯುವವರೆಗೆ ಕಾಯಿರಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ತಪ್ಪು. ಲೋಹ ಒಮ್ಮೆಲೇ ಕುಗ್ಗಿ ಬಿರುಕು ಬಿಡಬಹುದು. ಮತ್ತೊಂದು ವಿಷಯ: ಕೂಲಂಟ್ ಪೂರ್ತಿ ಖಾಲಿಯಾದರೆ ಸೆನ್ಸರಿಗೆ ಬಿಸಿ ದ್ರವ ತಾಕದೆ ಮುಳ್ಳು ಕೆಳಗಿಳಿಯಲೂಬಹುದು. ಕೆಂಪಿಗೆ ಹೋದ ಮುಳ್ಳು ಹಠಾತ್ತನೆ ಇಳಿದರೆ ಸಮಾಧಾನಪಡುವ ಬದಲು ಗಾಡಿ ನಿಲ್ಲಿಸಬೇಕು.

ಮಳೆಗಾಲದ ನೀರು

ಪ್ರತಿ ಮಳೆಗಾಲದಲ್ಲೂ ತಗ್ಗಿನ ರಸ್ತೆಗಳಲ್ಲಿ ನೀರು ನಿಂತು ಕಾರುಗಳು ಕೆಟ್ಟು ನಿಲ್ಲುತ್ತವೆ. ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗುವುದೇ ದೊಡ್ಡ ಅಪಾಯ. ಯಾಕೆಂದರೆ ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಹಾಗೆ ಕುಗ್ಗಿಸಲಾಗದು. ಲೆಕ್ಕ ನೋಡಿ: 1200 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನಿನಲ್ಲಿ ಒಂದೊಂದು ಸಿಲಿಂಡರಿಗೆ 300 ಸಿಸಿ. ಒತ್ತುವ ಅನುಪಾತ 10 ಎಂದರೆ ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ 300ನ್ನು 9ರಿಂದ ಭಾಗಿಸಿದಷ್ಟು, ಸುಮಾರು 33 ಸಿಸಿ. ಎರಡು ದೊಡ್ಡ ಚಮಚಕ್ಕಿಂತ ಸ್ವಲ್ಪ ಹೆಚ್ಚು ನೀರು ಒಳಗೆ ಹೋದರೆ ಸಾಕು, ಪಿಸ್ಟನ್ ಮೇಲೇರಲಾಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಕೀ ಮುಟ್ಟದೆ ತಳ್ಳಿಸಿ ಅಥವಾ ಎಳೆಸಿ ಹೊರತನ್ನಿ. ಏರ್ ಫಿಲ್ಟರ್ ಒದ್ದೆಯಾಗಿದೆಯೇ ನೋಡಿ. ಪ್ಲಗ್‌ಗಳನ್ನು ತೆಗೆಸಿ, ನೀರು ಹೊರಹಾಕಿಸಿದ ಮೇಲೆಯೇ ಸ್ಟಾರ್ಟ್ ಮಾಡಿಸಬೇಕು.

ಕಂಪ್ಯೂಟರ್ ಕೊಡುವ ಸುಳಿವು

ಇಂದಿನ ಕಾರುಗಳಲ್ಲಿ ಎಂಜಿನನ್ನು ಸಣ್ಣ ಕಂಪ್ಯೂಟರ್ ಗಮನಿಸುತ್ತಿರುತ್ತದೆ. ತಪ್ಪು ಕಂಡಾಗ ಹಳದಿ ಬಣ್ಣದ ‘ಚೆಕ್ ಎಂಜಿನ್’ ದೀಪ ಹೊತ್ತಿಸಿ ಒಂದು ಸಂಕೇತವನ್ನು ನೆನಪಿಟ್ಟುಕೊಳ್ಳುತ್ತದೆ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಕಿಂಡಿಗೆ ಸ್ಕ್ಯಾನರ್ ಸಿಕ್ಕಿಸಿದರೆ ಅದನ್ನು ಓದಬಹುದು. ಆ ದೀಪ ಮಿನುಗುತ್ತಿದ್ದರೆ ಇಂಧನ ಉರಿಯದೆ ಹೊರಹೋಗುತ್ತಿದೆ ಎಂದರ್ಥ. ಅದು ಸೈಲೆನ್ಸರಿನ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕಬಹುದು.

ಆದರೆ ಸಂಕೇತ ರೋಗದ ಹೆಸರಲ್ಲ, ಅದೂ ಒಂದು ಲಕ್ಷಣವೇ. ‘ಪಿ0301’ ಎಂದರೆ ಒಂದನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದಷ್ಟೇ. ಕಾಯಿಲ್, ಪ್ಲಗ್, ಇಂಜೆಕ್ಟರ್, ಒತ್ತಡ ಯಾವುದೂ ಕಾರಣವಾಗಿರಬಹುದು. ಜಾಣ ಮೆಕ್ಯಾನಿಕ್ ಏನು ಮಾಡುತ್ತಾರೆ ಗೊತ್ತೇ? ಒಂದನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಒಂದಕ್ಕೆ ಹಾಕಿ ಓಡಿಸಿ ನೋಡುತ್ತಾರೆ. ಸಂಕೇತ ‘ಪಿ0303’ ಆದರೆ ತೊಂದರೆ ಕಾಯಿಲ್ ಜೊತೆ ಹೋಯಿತು, ಕಾಯಿಲ್ ಕೆಟ್ಟಿದೆ. ಸಂಕೇತ ಅಲ್ಲೇ ಉಳಿದರೆ ಕಾಯಿಲ್ ನಿರಪರಾಧಿ. ಒಂದು ಪೈಸೆ ಖರ್ಚಿಲ್ಲದೆ ಒಂದು ಕಾರಣವನ್ನು ಪಟ್ಟಿಯಿಂದ ತೆಗೆದಂತಾಯಿತು. ಲ್ಯಾಬಿನಲ್ಲಿ ನಾವು ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುವುದೂ ಇದೇ ಕಾರಣಕ್ಕೆ.

ಗ್ಯಾರೇಜಿಗೆ ಹೋಗುವಾಗ

ಮನೆಯ ಗಾಡಿ ಕೆಟ್ಟಾಗ ‘ಏನೋ ಸದ್ದು ಬರುತ್ತಿದೆ’ ಎಂದು ಹೇಳಿ ಕೀ ಕೊಟ್ಟು ಬರಬೇಡಿ. ತೊಂದರೆ ಯಾವಾಗ ಶುರುವಾಯಿತು, ತಣ್ಣಗಿದ್ದಾಗಲೋ ಕಾದ ಮೇಲೋ, ಏರಿನಲ್ಲೋ ಸಮತಟ್ಟಿನಲ್ಲೋ, ಅದಕ್ಕೆ ಮುಂಚೆ ಯಾವ ರಿಪೇರಿ ಮಾಡಿಸಿದ್ದಿರಿ, ಯಾವ ದೀಪ ಹೊತ್ತಿತ್ತು ಎಂದು ಬರೆದುಕೊಂಡು ಹೋಗಿ. ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ದೊಡ್ಡ ಖರ್ಚಿನ ಕೆಲಸ ಹೇಳಿದರೆ ‘ಯಾವ ಪರೀಕ್ಷೆಯಿಂದ ಇದು ಗೊತ್ತಾಯಿತು?’ ಎಂದು ವಿನಯದಿಂದ ಕೇಳಿ. ಪ್ರಾಮಾಣಿಕ ಮೆಕ್ಯಾನಿಕ್‌ಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ. ಅಳೆದ ಅಂಕಿಯನ್ನು ತೋರಿಸುತ್ತಾರೆ. ಇನ್ನು, ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ಪರೀಕ್ಷಿಸಲು ಹೋಗಬೇಡಿ. ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಂಡು ಪ್ರಾಣ ತೆಗೆಯುತ್ತದೆ.

ವಿದ್ಯಾರ್ಥಿ ಮಿತ್ರರೇ, ಗ್ಯಾರೇಜ್ ಕೆಲಸವೆಂದರೆ ಓದು ತಲೆಗೆ ಹತ್ತದವರ ದಾರಿ ಎಂಬ ಮಾತು ನಮ್ಮ ನಡುವೆ ಇದೆ. ಮೇಲೆ ನೋಡಿದ ಪ್ರತಿ ಹೆಜ್ಜೆಯಲ್ಲೂ ಓಮ್‌ನ ನಿಯಮ, ದಹನದ ಸಮೀಕರಣ, ಆಮ್ಲ ಸೂಚಕ, ಒತ್ತಡ ಮತ್ತು ಕುದಿಬಿಂದುವಿನ ಸಂಬಂಧ ಬಂದಿವೆ. ಎಷ್ಟೋ ಉಸ್ತಾದರು ಪುಸ್ತಕ ಓದದೆ ವರ್ಷಗಟ್ಟಲೆ ಕೈಯಲ್ಲಿ ಮುಟ್ಟಿ ಇದನ್ನು ಕಲಿತಿದ್ದಾರೆ. ಪರೀಕ್ಷೆಗೆ ಇದೇ ಪಾಠಗಳನ್ನು ಓದುತ್ತಿರುವ ನಾವು ರಜೆಯಲ್ಲಿ ಒಂದು ದಿನ ಅಂಥವರ ಬಳಿ ಹೋಗಿ ನಿಂತು, ‘ಇದು ಹೇಗೆ ಗೊತ್ತಾಯಿತು ಉಸ್ತಾದ್?’ ಎಂದು ಕೇಳಿದರೆ ಕಲಿಯಲು ಬಹಳಷ್ಟು ಸಿಗುತ್ತದೆ.